ಮುತ್ತಜ್ಜನ ಉಯಿಲು

"ಅಕ್ಕಾ, ಅದೊಂದನ್ನ ಓದ್ಬೇಡ. ಮನೆತನದ ಮಾನ ಹೋಗುತ್ತೆ," ಶಾಲಾ ಮಂಡಳಿಯ ಮೇಜಿನಾಚೆ ಸದಸ್ಯರ ಸಾಲಿನಲ್ಲಿ ಕೂತಿದ್ದ ವಾರೆನ್ ಗೋಗರೆದ. ಅಲಬಾಮಾದ ಆ ಊರಿನ ಶಾಲೆಗಳಿಂದ ಗುಲಾಮರ ಆತ್ಮಕಥೆಗಳನ್ನು ತೆಗೆದುಹಾಕಬೇಕೇ ಎಂದು ಅಂದು ಮತಕ್ಕೆ ಹಾಕುವವರಿದ್ದರು. ನಲವತ್ತು ವರ್ಷ ಕಾಲೇಜಿನಲ್ಲಿ ಸಾಹಿತ್ಯ ಕಲಿಸಿದ್ದ ಲೂಸಿಂಡಾ ಮುತ್ತಜ್ಜನ ಉಯಿಲನ್ನು ಬಿಡಿಸಿ ಓದಿಯೇಬಿಟ್ಟಳು.

"ಹಿರಿಮಗನಿಗೆ ಎರಡು ಹಸು, ಒಂದು ಹೇಸರಗತ್ತೆ, ಹ್ಯಾನಾ ಎಂಬ ಎಂಟು ವರ್ಷದ ಹುಡುಗಿ. ಅವಳ ತಾಯಿ ಕಿರಿಮಗನಿಗೆ."

"ಇದನ್ನೋದಿ ನಮ್ಮ ಮಕ್ಕಳು ತಲೆ ತಗ್ಗಿಸ್ಬೇಕಾ?" ವಾರೆನ್ ಕೇಳಿದ.

"ತಗ್ಗಿಸ್ಲಿ ಬಿಡೋ, ಕತ್ತೇನೂ ಮುರಿದುಹೋಗಲ್ಲ. ಆ ತಾಯಿ ಅತ್ತಿದ್ದನ್ನ ಯಾರಾದ್ರೂ ಕೇಳ್ಬೇಕಲ್ಲ?"

ವಾರೆನ್‌ನ ಕಣ್ಣು ತುಂಬಿ ಬಂತು. ಅಂಗೈಯಿಂದ ಒರೆಸಿಕೊಂಡ. ಕೊನೆಗೂ ತಮ್ಮ ತನ್ನವನಾದನೆಂದು ಲೂಸಿಂಡಾಳ ಜೀವ ಹಗುರಾಯಿತು. ಅಧ್ಯಕ್ಷರು ಮತ ಕೇಳಿದರು. ಅಕ್ಕನ ಮುಖ ನೋಡದೆ, ಪುಸ್ತಕಗಳನ್ನು ತೆಗೆದುಹಾಕುವುದರ ಪರವಾಗಿ, ವಾರೆನ್ ಅದೇ ಒದ್ದೆ ಕೈಯನ್ನು ಎತ್ತಿದ.