ನೀರಿನಿಂದೆದ್ದ ಸೂರ್ಯ

ಜಗನ್ನಾಥ ಪ್ಯಾಂಟು ಮಡಚಿಕೊಂಡು ದೆಹಲಿಯ ಯಮುನೆಯ ಘಾಟಿನ ಕೊನೆಯ ಮೆಟ್ಟಿಲು ದಾಟಿ ನೀರಿಗಿಳಿದದ್ದನ್ನು ಕಂಡು, ಹಕ್ಕಿಗಳಿಗೆ ಸೇವ್ ಎರಚುತ್ತಿದ್ದ ದೋಣಿಯವನು ಬೆಚ್ಚಿಬಿದ್ದ.

"ಬಾಬೂಜಿ, ಪಾಗಲ್ ಹೋ ಗಯೇ ಕ್ಯಾ? ಜನವರಿ ಕಾ ಪಾನಿ ಹೈ!"

ಹುಚ್ಚೇನೂ ಹಿಡಿದಿರಲಿಲ್ಲ. ಇವತ್ತು ಹಾಳಾದ ಮಂಜು ತೆಳ್ಳಗಿತ್ತು, ದೂರದ ಸೇತುವೆ ಕಾಣುತ್ತಿತ್ತು. ನೀರಿಗಿಳಿದು ಬಗ್ಗಿದರೆ ಅದು ದೋಣಿಯ ಮರೆಗೆ ಹೋಗಿ, ನೀರು, ಬಿಳಿ ಹಕ್ಕಿ, ನೀರಿನಿಂದ ಏಳುವ ಸೂರ್ಯ, ಇಷ್ಟೇ ಉಳಿಯುತ್ತಿದ್ದವು. ಮನೆಯಲ್ಲಿ ದೇವಕಿ ಇದನ್ನು ಕಾರವಾರದ ಕಡಲೆಂದು ನಂಬಬೇಕಿತ್ತು.

ಕಾರವಾರದಲ್ಲಿ ಕೆಲಸಕ್ಕಿದ್ದ ಮಗ ದಿಲೀಪ್ ದಿನಾ ನಸುಕಿಗೇ ತಣ್ಣನೆಯ ಕಡಲಿನಲ್ಲಿ ಈಜಿ, ದಡದಿಂದ ಒಂದು ಫೋಟೊ ಹೊಡೆದು ತಾಯಿಗೆ ಕಳಿಸುತ್ತಿದ್ದ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಟವೆಲ್ಲೂ ಫೋನೂ ಮರಳ ಮೇಲೆ ಉಳಿದವು, ಅವನು ಬರಲಿಲ್ಲ. ಎಷ್ಟೋ ದಿನ ಬಿಟ್ಟು ಅಲೆಗಳೇ ಅವನನ್ನು ದಡಕ್ಕೆ ತಂದು ಹಾಕಿದವು. ದೇವಕಿ ಆಗಷ್ಟೇ ಎದೆಯ ಆಪರೇಷನ್ ಆಗಿ ಮಲಗಿದ್ದಳು. ಮನಸ್ಸಿಗೆ ಪೆಟ್ಟಾಗುವ ಸುದ್ದಿ ಕೂಡದು ಅಂದಿದ್ದರು ಡಾಕ್ಟರು. ಪಕ್ಕದ ಮನೆಯ ಹಂಸಾಳನ್ನು ಆಸ್ಪತ್ರೆಯಲ್ಲಿ ಕೂರಿಸಿ, ಏನೋ ನೆಪ ಹೇಳಿ, ಜಗನ್ನಾಥ ಒಬ್ಬನೇ ಹೋಗಿ ಮಗನನ್ನು ಸುಟ್ಟು, ಅವನ ಫೋನನ್ನು ಜೇಬಿನಲ್ಲಿಟ್ಟುಕೊಂಡು ಬಂದ.

ಅಂದಿನಿಂದ ಮಗನ ಫೋನಿನಿಂದ ತಾಯಿಗೆ ಫೋಟೊ ತಪ್ಪಲಿಲ್ಲ. ಮೊದಲು ಫೋನಿನಲ್ಲಿದ್ದ ಹಳೆಯವು, ಅವು ಮುಗಿದ ಮೇಲೆ ಯಮುನೆಯವು. "ಅವನ ಫೋನಿನ ಮೈಕ್ ಕೆಟ್ಟಿದೆ, ಮಾತಾಡೋಕಾಗಲ್ಲವಂತೆ" ಅಂದಿದ್ದ. ಎಳೆ ಮಗುವೂ ನಂಬದ ಸುಳ್ಳು. ದೇವಕಿ "ಹೌದಾ" ಅಂದು ಸುಮ್ಮನಾಗಿದ್ದಳು. ಸದ್ಯ, ನಂಬಿದಳಲ್ಲ ಎಂದು ಜಗನ್ನಾಥ ಬಚ್ಚಲುಮನೆಯ ನಲ್ಲಿ ತಿರುಗಿಸಿಟ್ಟು ಅತ್ತಿದ್ದ.

ಫೋಟೊ ಚೆನ್ನಾಗಿ ಬಂತು. ಹಿಂದಕ್ಕೆ ಹೆಜ್ಜೆ ಇಡುವಾಗ ಪಾಚಿಯ ಮೇಲೆ ಕಾಲು ಜಾರಿತು. ಗಬ್ಬು ನೀರು ತಲೆಯ ಮೇಲೆ ಮುಚ್ಚಿಕೊಂಡಿತು. ಚಳಿಗೆ ಎದೆ ಹಿಡಿದುಕೊಂಡು ಉಸಿರೇ ಬರಲಿಲ್ಲ. ಇಷ್ಟು ದಿನ ಹತ್ತಿರ ಬಿಟ್ಟುಕೊಳ್ಳದ ಯೋಚನೆ ಆಗ ಬಂತು: ದಿಲೀಪನಿಗೂ ಹೀಗೇ ಆಯಿತೇ? ಅಪ್ಪಾ ಅಂದನೇ? ಫೋನು ಹಿಡಿದ ಕೈಯೊಂದು ನೀರಿನ ಮೇಲೆ ಉಳಿದಿತ್ತು. ದೋಣಿಯವನು ಆ ಕೈಯನ್ನೇ ಹಿಡಿದು ಮೇಲಕ್ಕೆಳೆದು, ಬಾಯಿಗೆ ಬಂದಂತೆ ಬೈದು, ತನ್ನ ಕಂಬಳಿ ಹೊದಿಸಿದ. ಜಗನ್ನಾಥ "ಈಜಿ ಬಂದೆ ಅಮ್ಮಾ" ಎಂದು ಒತ್ತಿ ಫೋಟೊ ಕಳಿಸಿದ.

ಆಟೋದಲ್ಲಿ ಮಯೂರ್ ವಿಹಾರ್ ಸೇರಿ ಬೆಲ್ ಒತ್ತಿದಾಗ ದೇವಕಿಯೇ ಬಾಗಿಲು ತೆಗೆದಳು. ಒದ್ದೆ ಬಟ್ಟೆ ನೋಡಿದಳು, ನಾತ ಮೂಗಿಗೆ ಬಡಿಯಿತು. ಏನಾಯಿತೆಂದು ಕೇಳಲಿಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸಿ ತಲೆ ಒರೆಸತೊಡಗಿದಳು.

"ಪಾರ್ಕಿನಲ್ಲಿ ಕೊಳಾಯಿ ಒಡೆದು..." ಎಂದು ಅವನು ಶುರುಮಾಡಿದ.

"ಇನ್ನು ಸಾಕು ರೀ. ನಾಳೆ ಫೋಟೊ ಬೇಡ."

"ಯಾವ ಫೋಟೊ?"

"ನೀವು ದಾವಣಗೆರೆಯವರು, ನಿಮಗೆ ಹೊಳೀಲಿಲ್ಲ. ನಾನು ಅಂಕೋಲಾದವಳು. ನಮ್ಮ ಕಡಲಲ್ಲಿ ಸೂರ್ಯ ಮುಳುಗ್ತಾನೆ, ಹುಟ್ಟಲ್ಲ. ಹುಟ್ಟೋದು ಬೆನ್ನ ಹಿಂದೆ, ಗುಡ್ಡದ ಕಡೆ."

ಜಗನ್ನಾಥನ ಹಲ್ಲುಗಳ ಕಟಕಟ ನಿಂತುಹೋಯಿತು. ಸೂರ್ಯ ನೀರಿನಿಂದ ಚೆಂದವಾಗಿ ಎದ್ದ ಚಿತ್ರವನ್ನೇ ಅವನು ದಿನವೂ ಆರಿಸಿ ಆರಿಸಿ ಕಳಿಸಿದ್ದ.

"ಯಾವಾಗ ಗೊತ್ತಾಯ್ತು?"

"ಇಲ್ಲಿಂದ ಮೊದಲ ಸಲ ಕಳಿಸಿದಿರಲ್ಲ, ಆವತ್ತೇ. ನೀವು ವಾಕಿಂಗಿಗೆ ಹೋದ ಹೊತ್ತಿಗೇ ಬಂತು. ಅವನ ಫೋನು ನಿಮ್ಮ ಹತ್ತಿರ ಇದೆ ಅಂದರೆ, ಅವನು..."

"ಮತ್ತೆ ನನ್ನನ್ನ ಕೇಳಲಿಲ್ಲ ಯಾಕೆ?"

"ಕೇಳಿದ್ದರೆ ನೀವು ಹೇಳಿಬಿಡ್ತಿದ್ದಿರಿ."

ಟವೆಲ್ಲು ಅವನ ತಲೆಯ ಮೇಲೆಯೇ ನಿಂತಿತ್ತು. ಅವಳ ಮುಖ ಅವನಿಗೆ ಕಾಣುತ್ತಿರಲಿಲ್ಲ. ನೋಡುವ ಧೈರ್ಯವೂ ಇರಲಿಲ್ಲ.

"ಸಿಕ್ಕಿದನಾ?" ಎಂದಳು.

ಅವನು ಹೌದೆಂದು ತಲೆಯಾಡಿಸಿದ.

ದೇವಕಿ ಕಡಲ ದಂಡೆಯಲ್ಲೇ ಆಡಿ ಬೆಳೆದವಳು. ಕಡಲು ಹಿಂದಕ್ಕೆ ಕೊಟ್ಟವರ ಮುಖಗಳನ್ನು ಚಿಕ್ಕಂದಿನಲ್ಲೇ ಕಂಡಿದ್ದಳು. ತೀರಾ ಮೆಲ್ಲಗೆ ಕೇಳಿದಳು:

"ಮುಖ ನೋಡೋ ಹಾಗಿತ್ತಾ?"

ಎರಡು ತಿಂಗಳಿಂದ ದಿನಕ್ಕೊಂದು ಸುಳ್ಳು ಹೇಳಿಕೊಂಡು ಬಂದಿದ್ದ ಜಗನ್ನಾಥನಿಗೆ, ಹೇಳಲೇಬೇಕಾಗಿದ್ದ ಈ ಒಂದು ಸುಳ್ಳು ಬಾಯಿಗೆ ಬರಲಿಲ್ಲ.