ಅರ್ಧ ಜೀವ ಉಳಿದಾಗ

ಹೊಸಬ ಸುಳ್ಳು ಹೇಳುತ್ತಿದ್ದಾನೆ ಎಂದು ಮೇಷ್ಟ್ರಿಗೆ ಮೂರನೇ ದಿನವೇ ಅನುಮಾನ ಬಂತು.

ಈ ಆನ್‌ಲೈನ್ ಆಟಕ್ಕೆ ತಾನು ತೀರಾ ಹೊಸಬ ಅಂತಾನೆ, ಆದರೆ ಔಷಧಿ ಅಂಗಡಿಗೆ ದಾರಿ ಕೇಳದೆ ನೆಟ್ಟಗೆ ನಡೆದು ಹೋಗುತ್ತಾನೆ. ಅವನಿಗೆ ಆಟವೇ ಕೊಟ್ಟ ಹೆಸರು ‘ಹೊಸಬ ೨೭’. ಕೈಯಲ್ಲಿ ಮರದ ಕತ್ತಿ, ಮೈಮೇಲೆ ಹರಕು ಅಂಗಿ. ಅವತ್ತು ಕಂಪ್ಯೂಟರ್ ಪರದೆಯ ಮೇಲೆ, ಊರ ಗೇಟಿನ ಹೊರಗೆ, ಹುಲ್ಲಿನ ಬೊಂಬೆಯ ಮುಂದೆ ಸುಮ್ಮನೆ ನಿಂತುಬಿಟ್ಟಿದ್ದ. ಯಾಕೆ ಹೊಡೆಯುತ್ತಿಲ್ಲ ಎಂದು ಮೇಷ್ಟ್ರು ಟೈಪ್ ಮಾಡಿ ಕೇಳಿದರೆ, ಇವತ್ತು ಒಂದೇ ಕೈಯಲ್ಲಿ ಆಡುತ್ತಿದ್ದೇನೆ ಎಂಬ ಉತ್ತರ ಬಂತು.

ಇನ್ನೊಂದು ಕೈಯಲ್ಲಿ ಆಫೀಸಿನ ಫೈಲು ಇರಬೇಕು ಎಂದುಕೊಂಡು ಮೇಷ್ಟ್ರು ನಕ್ಕರು. ಹನ್ನೊಂದಕ್ಕೆ ಬರುತ್ತಾನೆ, ನಾಲ್ಕು ಗಂಟೆಯೊಳಗೆ ಮಾಯ. ಒಮ್ಮೊಮ್ಮೆ ಮಾತಿನ ನಡುವೆಯೇ ಮಾಯ. ಸಾಹೇಬರ ಕಣ್ಣು ತಪ್ಪಿಸಿ ಆಡುವ ಗುಮಾಸ್ತ, ಇನ್ನೇನು! ಪಾಪ, ಆಡಿಕೊಳ್ಳಲಿ ಎಂದು ಸುಮ್ಮನಾದರು.

ಮೇಷ್ಟ್ರು ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದವರು. ಕಲಿಯುವವರು ಗಾಬರಿಯಾದರೆ ಒತ್ತಲೆಂದು ಅವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತಿತ್ತು. ಮಂಡಿ ಆಪರೇಷನ್ ಆಗಿ ಮನೆ ಹಿಡಿದಾಗ ಮಗಳು ಈ ಆಟ ಹಾಕಿಕೊಟ್ಟು, ಅದರಲ್ಲಿ ಅಪ್ಪನಿಗೆ ‘ಡಬಲ್ ಬ್ರೇಕ್’ ಅಂತ ಹೆಸರಿಟ್ಟಿದ್ದಳು. ಈಗ ಅವರು ಅರವತ್ತನೇ ಹಂತದ ವೀರ. ಆದರೂ ದೊಡ್ಡ ದೊಡ್ಡ ಯುದ್ಧಗಳನ್ನು ಬಿಟ್ಟು ಗೇಟಿನ ಹತ್ತಿರ ನಿಂತು ಹೊಸಬರಿಗೆ ಪಾಠ ಹೇಳುತ್ತಿದ್ದರು. ಹಳೇ ಚಾಳಿ.

ಮನೆಯಲ್ಲಿ ಅವರೊಡನೆ ಸರಿಯಾಗಿ ಮಾತಾಡುವವರು ಇರಲಿಲ್ಲ, ಅದೂ ಒಂದು ಕಾರಣ. ಎರಡು ತಿಂಗಳ ಹಿಂದೆ ಮಗಳು ಹೇಳದೆ ಕೇಳದೆ ಬಂದು ನಾಲ್ಕು ದಿನ ಇದ್ದಳು. ಅಲ್ಲಿ ಅಳಿಯನೊಬ್ಬನೇ ಇದ್ದಾನಲ್ಲ ಎಂದು ಮೇಷ್ಟ್ರೇ ಕುಂಟುತ್ತಾ ಹೋಗಿ ಬಸ್ ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ ಬಂದರು. ಆಮೇಲೆ ಅವಳ ಫೋನು ಬರುವುದು ಅಮ್ಮನಿಗೆ ಮಾತ್ರ. ಆ ಅಮ್ಮನೂ ಮಾತು ಕಮ್ಮಿ ಮಾಡಿದ್ದಳು. ಕಾಫಿ ಲೋಟ ಕುಕ್ಕಿ, “ಊರವರಿಗೆಲ್ಲ ಚೆನ್ನಾಗಿ ಬುದ್ಧಿ ಹೇಳ್ತೀರಿ” ಎಂದು ಒಳಗೆ ಹೋಗುತ್ತಿದ್ದಳು. ಮೇಷ್ಟ್ರಿಗೆ ತಾನೇನು ತಪ್ಪು ಮಾಡಿದೆ ಎಂದು ಕೇಳುವ ಧೈರ್ಯವಾಗುತ್ತಿರಲಿಲ್ಲ.

ಹಾಗಾಗಿ ಅವರ ಅಕ್ಕರೆಯೆಲ್ಲ ಹೊಸಬನ ಪಾಲಾಯಿತು. ಮೊದಲು ಬೊಂಬೆ, ಆಮೇಲೆ ಇಲಿ, ಆಮೇಲೆ ತೋಳ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳಿಕೊಟ್ಟರು. ಕತ್ತಿಗಿಂತ ಮುಂಚೆ ಗುರಾಣಿ ಹಿಡಿಯುವುದನ್ನು ಕಲಿಸಿದರು. ಹೊಸಬನಿಗೆ ಇಲಿಯೂ ಬೇಡ, ತೋಳವೂ ಬೇಡ. ಅವನಿಗೆ ಬೇಕಾದದ್ದು ಒಂದೇ, ಕರಡಿ. ಗುಹೆಗೆ ಹೋಗುವುದು, ಏಟು ತಿನ್ನುವುದು, ಬಂದು ಕೇಳುವುದು. ಈ ಕರಡಿಯಿಂದ ಅವನನ್ನು ಹೇಗಾದರೂ ಪಾರು ಮಾಡಬೇಕೆಂದು ಮೇಷ್ಟ್ರಿಗೂ ಹಟ ಬಂತು.

“ಅದಕ್ಕೆ ಸಿಟ್ಟು ಬರೋದು ಮೊದಲೇ ಗೊತ್ತಾಗುತ್ತಾ ಗುರುಗಳೇ?”

ಗೊತ್ತಾಗುತ್ತೆ, ಪಂಜ ನೋಡಬೇಡ, ಭುಜ ನೋಡು, ಹೊಡೆಯುವ ಮುಂಚೆ ಏರುತ್ತೆ ಎಂದರು ಮೇಷ್ಟ್ರು.

“ಹೌದು. ಏರುತ್ತೆ. ಬಾಗಿಲು ಅದರ ಬೆನ್ನ ಹಿಂದೆ ಇದ್ರೆ?”

ಗುಹೆಗೆಲ್ಲಿಯ ಬಾಗಿಲು ಮಾರಾಯ ಎಂದು ಮೇಷ್ಟ್ರು ತಮಾಷೆ ಮಾಡಿದರು. ಆಮೇಲೆ ಗಂಭೀರವಾಗಿ ಟೈಪ್ ಮಾಡಿದರು. “ನಿನ್ನ ತಲೆ ಮೇಲೆ ಕಾಣೋ ಜೀವದ ಪಟ್ಟಿ ಅರ್ಧಕ್ಕೆ ಇಳೀತಿದ್ದ ಹಾಗೇ ಓಡು. ಅವಮಾನ ಏನಿಲ್ಲ. ನಿಂತು ಏಟು ತಿನ್ನೋದು ಶೌರ್ಯ ಅಲ್ಲ, ಪೆದ್ದುತನ.”

ಹೊಸಬ ಮರದ ಕತ್ತಿ ಇಳಿಸಿ ನಿಂತ. ಸಾಹೇಬ ಬಂದಿರಬೇಕು ಎಂದುಕೊಳ್ಳುವಷ್ಟರಲ್ಲಿ ಅಕ್ಷರಗಳು ಮೂಡಿದವು.

“ಇದನ್ನ ನಂಗೆ ಮೊದಲೇ ಯಾರಾದ್ರೂ ಹೇಳ್ಬೇಕಿತ್ತು.”

ಓಡುವುದಾದರೆ ಎಲ್ಲಿಗೆ ಎಂದು ಮುಂಚೆಯೇ ಗೊತ್ತು ಮಾಡಿಕೊಂಡಿರಬೇಕು ಎಂದು ಮೇಷ್ಟ್ರು ಪಾಠ ಮುಂದುವರಿಸಿದರು. ಊರ ಗೇಟಿನೊಳಗೆ ಕರಡಿ ಕಾಲಿಡುವಂತಿಲ್ಲ, ಅದು ಆಟದ ನಿಯಮ.

“ಒಂದ್ಸಲ ಹೋಗಿದ್ದೆ. ಗೇಟು ಮುಚ್ಚಿತ್ತು.”

ಛೆ, ಹಾಗಾಗಲು ಸಾಧ್ಯವೇ ಇಲ್ಲ, ಹೊಸಬರಿಗೆ ಗೇಟು ಮುಚ್ಚಿದರೆ ಆ ಊರು ಇದ್ದೂ ಏನು ಪ್ರಯೋಜನ ಎಂದು ಮೇಷ್ಟ್ರು ಸಿಡುಕಿದರು. ಆಟ ನಡೆಸುವವರಿಗೆ ತಾವೇ ದೂರು ಬರೆಯುತ್ತೇನೆಂದರು. ಬರೆಯುವುದು ಬೇಡ ಎಂದ ಹೊಸಬ. ಹೋಗುವ ಮುಂಚೆ, ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳಿ, ಹೊತ್ತಾಯಿತು ಎಂದ. ಕಣ್ಣಿನ ವಿಷಯ ತಾವೇ ಯಾವಾಗಲೋ ಬಾಯಿ ತಪ್ಪಿ ಹೇಳಿರಬೇಕು ಎಂದುಕೊಂಡರು ಮೇಷ್ಟ್ರು.

ಆಮೇಲೆ ಒಂಬತ್ತು ದಿನ ಹೊಸಬನ ಸುಳಿವಿಲ್ಲ. ಮೇಷ್ಟ್ರು ಬೊಂಬೆಯ ಪಕ್ಕದಲ್ಲೇ ಕಾದರು. ಅವನಿಗಾಗಿ ತಮ್ಮ ಹಳೆಯ ಕಬ್ಬಿಣದ ಗುರಾಣಿ ತೆಗೆದಿಟ್ಟಿದ್ದರು. ಮುಖ ಕಾಣದ, ದನಿ ಕೇಳದ ಯಾವನೋ ಗುಮಾಸ್ತನಿಗಾಗಿ ಇಷ್ಟು ಒದ್ದಾಡುವುದೇ ಎಂದು ತಮ್ಮ ಮೇಲೇ ಸಿಟ್ಟಾದರು. ಕಣ್ಣು ತೇವವಾದರೆ ತಪ್ಪನ್ನು ಡ್ರಾಪ್ಸ್ ಮೇಲೆ ಹಾಕಿದರು.

ಹತ್ತನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಅದೇ ಹರಕು ಅಂಗಿ ಪ್ರತ್ಯಕ್ಷವಾಯಿತು.

“ಗುರುಗಳೇ, ಓಡಿಬಿಟ್ಟೆ. ಅರ್ಧ ಅಲ್ಲ, ಕಾಲು ಉಳಿದಿತ್ತು.”

ಮೇಷ್ಟ್ರು ಕುರ್ಚಿಯಲ್ಲೇ ಹಿಗ್ಗಿಹೋದರು. ಶಹಬ್ಬಾಸ್ ಎಂದು ಟೈಪ್ ಮಾಡಿದರು. ಗುರಾಣಿಯನ್ನು ಅವನ ಕಾಲ ಬಳಿ ಇಟ್ಟರು. ಯಾವ ಊರ ಗೇಟು ಸೇರಿದೆ ಎಂದು ಕೇಳಿದರು.

“ಗೆಳತಿಯ ರೂಮು. ಎರಡು ಬ್ಯಾಗು ತಂದಿದೀನಿ. ಕೈ ಕಟ್ಟು ಮುಂದಿನ ವಾರ ಬಿಚ್ತಾರೆ.”

ಇಂಥ ಜಾಗ ಆಟದಲ್ಲಿ ಎಲ್ಲಿದೆ ಎಂದು ಮೇಷ್ಟ್ರು ನಕ್ಷೆ ತೆರೆದು ಹುಡುಕತೊಡಗಿದರು. ಅಷ್ಟರಲ್ಲಿ ಪರದೆಯ ಕೆಳಗೆ ಇನ್ನೊಂದು ಸಾಲು ಮೂಡಿತು.

“ಅಪ್ಪಾ, ನಿಮ್ಮ ಗೇಟಿಗೆ ಬರಲಿಲ್ಲ. ಹೋದ ಸಲ ನೀವೇ ಬಸ್ ಹತ್ತಿಸಿ ವಾಪಸ್ ಕಳಿಸಿದ್ರಲ್ಲ.”