ಬೆಳಕಿನ ಮಾಸ್ಕು

ಬೋರಲಿಂಗ ಆಸ್ಪತ್ರೆಯ ಸ್ಟೋರಿಗೆ ನುಗ್ಗಿದವನೇ ಸ್ಟೋರ್‌ಕೀಪರನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಕ್ಷಯರೋಗದ ವಾರ್ಡಿನಲ್ಲಿ ನರ್ಸಾಗಿದ್ದ ಅವನ ಹೆಂಡತಿ ಅದೇ ರೋಗ ಹತ್ತಿ ಸತ್ತು ಇನ್ನೂ ಹನ್ನೊಂದು ದಿನ ತುಂಬಿರಲಿಲ್ಲ. ಇವನನ್ನು ಮುಗಿಸಿಯೇ ಬರುವುದೆಂದು ಮನೆಯಲ್ಲೇ ತೀರ್ಮಾನಿಸಿ ಹೊರಟಿದ್ದ.

"ರೋಗಾಣು ಸುಡೋ ಮಾಸ್ಕು ಅಂತ ಕೊಟ್ಟೆಯಲ್ಲೋ. ಏನು ಸುಟ್ತಲೇ ಅದು? ನಾನು ಸುಟ್ಟು ಬಂದಿದ್ದು ನನ್ನ ಹೆಂಡ್ತೀನ."

ಗುದ್ದಿಗೆ ಸ್ಟೋರ್‌ಕೀಪರನ ತುಟಿ ಒಡೆಯಿತು. "ಮಾಸ್ಕು ಸುಳ್ಳಲ್ಲ ಕಣಪ್ಪ. ಆ ಗುಲಾಬಿ ಬಣ್ಣದಲ್ಲೇ ಮದ್ದಿದೆ. ಅದಕ್ಕೆ ಬೆಳಕು ಬಿದ್ರೆ ಮೇಲೆ ಕೂತ ರೋಗಾಣು ಸಾಯ್ತದೆ. ಅದೇ ವಾರ್ಡಲ್ಲಿ ಇನ್ನೂ ಒಂಬತ್ತು ಜನ ಕಟ್ಕೊಂಡಿದ್ರು, ಒಬ್ಬರಿಗೂ ಏನೂ ಆಗಿಲ್ಲ."

"ಹಾಗಾದ್ರೆ ಅವಳಿಗೆ ಮಾತ್ರ ಕಳಪೆ ಮಾಲು ಕೊಟ್ಟಿದ್ದೀಯ. ವಾರ್ಡಿನ ತುಂಬ ಲೈಟು ಉರೀತಿರ್ತವೆ. ಬೆಳಕಿಗೇನು ಬರ ಬಂದಿತ್ತೇನಲೇ?"

ಬೋರಲಿಂಗ ಬೀಸಿದ ಕಬ್ಬಿಣದ ಸ್ಟೂಲು ಭುಜಕ್ಕೆ ಬಿದ್ದು ಸ್ಟೋರ್‌ಕೀಪರ ನೆಲಕ್ಕೆ ಕುಸಿದ. ಎರಡನೇ ಪೆಟ್ಟು ತಲೆಗೇ ಎಂದು ಅವನು ಸ್ಟೂಲನ್ನು ಮತ್ತೆ ಎತ್ತಿದಾಗ, ಹೆಂಡತಿಯ ಜೊತೆ ಕೆಲಸ ಮಾಡುತ್ತಿದ್ದ ನರ್ಸು ಸುಗಂಧಿ ಓಡಿಬಂದು ನಡುವೆ ನಿಂತಳು. ಅವಳು ದನಿಯನ್ನೂ ಏರಿಸಲಿಲ್ಲ.

"ಅವಳ ಮಾಸ್ಕಿಗೆ ಬೆಳಕೇ ಬೀಳಲಿಲ್ಲ ಅಣ್ಣ. ಗುಲಾಬಿ ಬಣ್ಣ ಕಟ್ಕೊಂಡು ಯಾವನಿಗೆ ತೋರಿಸೋಕೆ ಹೋಗ್ತೀಯ ಅಂತ ಕೆನ್ನೆಗೆ ಬಾರಿಸಿ, ಅದರ ಮೇಲೆ ದಪ್ಪ ಕಪ್ಪು ಬಟ್ಟೆ ಹೊಲಿಸಿದವರು ನೀವೇ ಅಲ್ವಾ?"